ಬಿಚ್ಚುವ ಮುಂಚೆ ಒಮ್ಮೆ ಕೇಳಿ
ಮೈನರ್ ಓ.ಟಿ.ಯಲ್ಲಿ ಕಸವನ್ನೂ ಖರ್ಚನ್ನೂ ಇಳಿಸಲು ಆರು ಹೆಜ್ಜೆ

ಬೆನ್ನ ಮೇಲಿನ ಸಣ್ಣ ಕೊಬ್ಬಿನ ಗಂಟು ತೆಗೆಯಲು ಅರ್ಧ ಗಂಟೆ ಸಾಕು. ಆಮೇಲೆ ಕಸದ ಬುಟ್ಟಿ ನೋಡಿದರೆ ಹೊಟ್ಟೆಯ ದೊಡ್ಡ ಆಪರೇಷನ್ ಆದಂತಿರುತ್ತದೆ. ತಾಲ್ಲೂಕು ಊರುಗಳ ನರ್ಸಿಂಗ್ ಹೋಮ್‌ಗಳಲ್ಲಿ ವರ್ಷಗಟ್ಟಲೆ ಕತ್ತಿ ಹಿಡಿದ ನಾನು ಕಂಡಂತೆ, ಆ ಬುಟ್ಟಿಯಲ್ಲಿ ಬಹುಪಾಲು ಯಾರೂ ಬಳಸದೇ ಇದ್ದದ್ದು.

1. ಎಣಿಸಿ. ಒಂದು ವಾರ, ಪ್ರತಿ ಕೇಸ್ ಮುಗಿದ ಮೇಲೆ ಮುಟ್ಟದೆ ಉಳಿದದ್ದನ್ನು ಸಿಸ್ಟರ್ ಬರೆದಿಡಲಿ: ಗಾಜ್, ಗ್ಲೌಸ್, ಹೊಲಿಗೆ ದಾರ. ಈ ಲೆಕ್ಕ ಬೈಯಲಿಕ್ಕಲ್ಲ ಎಂದು ಮೊದಲೇ ಹೇಳಿ. ಇಲ್ಲವಾದರೆ ಯಾರೂ ನಿಜ ಬರೆಯುವುದಿಲ್ಲ.

2. ಟ್ರೇ ಚಿಕ್ಕದು ಮಾಡಿ. ಕೀವು ತೆಗೆಯಲು, ಗಂಟು ತೆಗೆಯಲು, ಗಾಯ ಹೊಲಿಯಲು ಬೇರೆ ಬೇರೆ ಟ್ರೇ ಇರಲಿ. ಗಂಟಿಗೆ ಬ್ಲೇಡ್ ಹಿಡಿ, ಹಲ್ಲಿನ ಫೋರ್ಸೆಪ್ಸ್, ಎರಡು ಆರ್ಟರಿ ಫೋರ್ಸೆಪ್ಸ್, ಕತ್ತರಿ, ನೀಡಲ್ ಹೋಲ್ಡರ್ ಸಾಕು. ಉಳಿದವನ್ನು ಒಂದೊಂದಾಗಿ ಪ್ಯಾಕ್ ಮಾಡಿ ಕಪಾಟಿನಲ್ಲಿಡಿ. ಟ್ರೇಗೆ ಬಂದದ್ದನ್ನು ಬಳಸದಿದ್ದರೂ ಮತ್ತೆ ತೊಳೆದು ಆಟೋಕ್ಲೇವ್ ಮಾಡಲೇಬೇಕು. ನೀರು, ಕರೆಂಟು, ಆಯಾಳ ಶ್ರಮ ಮೂರೂ ದಂಡ.

3. ಕೇಳಿದ ಮೇಲೆಯೇ ಬಿಚ್ಚಿ. ಎಲ್ಲರೂ ಎಡವುವುದು ಇಲ್ಲೇ. ನಾನಿದ್ದ ಒಂದು ಆಸ್ಪತ್ರೆಯಲ್ಲಿ ನಾನು ಕೈ ತೊಳೆದು ಬರುವಷ್ಟರಲ್ಲಿ ಮೂರು ಬಗೆಯ ದಾರ ಟ್ರೇ ಮೇಲೆ ಬಿದ್ದಿರುತ್ತಿತ್ತು. ಬಳಸುತ್ತಿದ್ದುದು ಒಂದು. ಉಳಿದೆರಡು ಸೂಜಿಸಮೇತ ಕಸಕ್ಕೆ, ಬೆಲೆ ರೋಗಿಯ ಬಿಲ್ಲಿಗೆ. ಕೇಳಿದರೆ ಸಿಸ್ಟರ್ ಉತ್ತರ ಒಂದೇ: ‘ಇರಲಿ ಅಂತ ಬಿಚ್ಚಿದೆ ಸರ್.’ ಹಿಂದೊಮ್ಮೆ ದಾರ ತಡವಾಯಿತೆಂದು ನಾನೇ ಅವರ ಮೇಲೆ ರೇಗಿದ್ದೆ. ಆ ‘ಇರಲಿ’ಯನ್ನು ಕಲಿಸಿದವನು ನಾನೇ ಎಂದು ಆಗ ಹೊಳೆಯಿತು.

ಆದ್ದರಿಂದ ಬದಲಾವಣೆ ಡಾಕ್ಟರಿಂದ ಶುರುವಾಗಲಿ. ಪ್ಯಾಕೆಟ್ಟುಗಳು ಪಕ್ಕದ ಮೇಜಿನ ಮೇಲೆ ಮುಚ್ಚಿಯೇ ಇರಲಿ. ಡಾಕ್ಟರು ದಾರದ ಹೆಸರು, ಸೈಜು ಹೇಳಲಿ. ಸಿಸ್ಟರ್ ಅದನ್ನೇ ತಿರುಗಿ ಹೇಳಿ, ತೋರಿಸಿ, ಆಮೇಲೆ ಹರಿಯಲಿ. ಅಷ್ಟು ಹೊತ್ತು ಕಾಯುವ ತಾಳ್ಮೆ ಇಲ್ಲದ ಸರ್ಜನ್‌ಗೆ ಉಳಿತಾಯದ ಮಾತು ಬೇಡ. ಒಮ್ಮೆ ಬಿಚ್ಚಿದ ದಾರವನ್ನು ಮತ್ತೆ ಸ್ಟೆರಿಲೈಸ್ ಮಾಡುವ ಜಾಣತನವೂ ಬೇಡ. ಗಾಜ್ ಪ್ಯಾಕ್ ಮಾಡುವಾಗಲೂ ಐದೈದರ ಕಟ್ಟು ಕಟ್ಟಿ, ಇಪ್ಪತ್ತರದ್ದಲ್ಲ.

4. ಬಿಸಾಡುವ ಹೊದಿಕೆ ಬಿಟ್ಟು ಬಟ್ಟೆಗೆ ಮರಳಿ. ನಡುವೆ ತೂತಿರುವ ಹತ್ತಿ ಬಟ್ಟೆಯನ್ನು ಒಗೆದು, ಬೆಳಕಿಗೆ ಹಿಡಿದು ಹರಿದಿಲ್ಲವೆಂದು ನೋಡಿ, ಆಟೋಕ್ಲೇವ್ ಮಾಡಿದರೆ ಪದೇ ಪದೇ ಬಳಸಬಹುದು. ಡ್ರಮ್ಮಿಗೆ ತುರುಕಬೇಡಿ, ಆವಿ ಒಳಗೆ ಹೋಗುವುದಿಲ್ಲ. ಇನ್ನು ಗ್ಲೌಸ್: ಟೊರಾಂಟೊದಲ್ಲಿ ಸಾಧಾರಣ ಗಾಯಗಳಿಗೆ ಹೊಲಿಗೆ ಹಾಕಿಸಿಕೊಂಡ 816 ಜನರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಟೆರೈಲ್ ಗ್ಲೌಸ್ ಬಳಸಿದಾಗ ಸೋಂಕು ಶೇ 6.1, ಡಬ್ಬಿಯ ಶುಚಿ ಗ್ಲೌಸ್ ಬಳಸಿದಾಗ ಶೇ 4.4. ಇದು ಸಾಧಾರಣ ಗಾಯಕ್ಕೆ ಮಾತ್ರ, ಎಲ್ಲದಕ್ಕೂ ಅನ್ವಯಿಸಬೇಡಿ.

5. ಚೀಲ ಅದಲುಬದಲು ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆಸ್ಪತ್ರೆ ಕಸದಲ್ಲಿ ಸುಮಾರು ಶೇ 85 ಅಪಾಯವಿಲ್ಲದ್ದು. ರಕ್ತ ತಾಗದ ಕಾಗದ, ಹೊದಿಕೆ ಒಣ ಕಸಕ್ಕೆ. ಆಸ್ಪತ್ರೆ ಕಸ ವಿಂಗಡಿಸುವ 2016ರ ನಿಯಮದಂತೆ ರಕ್ತದ ಹತ್ತಿ, ಕತ್ತರಿಸಿದ ಅಂಗಾಂಶ ಹಳದಿಗೆ. ಗ್ಲೌಸ್, ಟ್ಯೂಬು, ಸೂಜಿ ತೆಗೆದ ಸಿರಿಂಜ್ ಕೆಂಪಿಗೆ. ಸೂಜಿ, ಬ್ಲೇಡ್ ಬಿಳಿ ಡಬ್ಬಿಗೆ. ಗಾಜಿನ ಬಾಟಲಿ ನೀಲಿಗೆ. ಹಳದಿ ಚೀಲ ಹೋಗುವುದು ಸುಡುವ ಒಲೆಗೆ. ತೂಕದ ಮೇಲೆ ಹಣ ಕಟ್ಟುವವರು ಅದಕ್ಕೆ ಒಣ ಕಸ ಹಾಕಿದರೆ ರಟ್ಟು ಸುಡಲೂ ದುಡ್ಡು ಕೊಟ್ಟಂತೆ.

6. ಉಳಿದದ್ದು ಚುಟುಕಾಗಿ. ಕೇಸ್ ಇಲ್ಲದಾಗ ಏಸಿ ಆರಿಸಿ. ಕೈ ತಿಕ್ಕುವಾಗ ನಲ್ಲಿ ನಿಲ್ಲಿಸಿ. ಹೊಲಿಗೆ ಬಿಚ್ಚಿಸಲು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಚೀಟಿ ಬರೆದುಕೊಡಿ, ರೋಗಿಯ ಬಸ್ ಚಾರ್ಜು ಉಳಿಯುತ್ತದೆ. ಆದರೆ ಉಳಿತಾಯಕ್ಕೆಂದು ಒಬ್ಬರಿಗೆ ಬಳಸಿದ ಸೂಜಿ, ಸಿರಿಂಜ್, ಬ್ಲೇಡ್ ಇನ್ನೊಬ್ಬ ರೋಗಿಗೆ ಬೇಡವೇ ಬೇಡ. ಲಿಗ್ನೋಕೇನ್ ಬಾಟಲಿಯ ಮುಚ್ಚಳದಲ್ಲಿ ದಿನವಿಡೀ ಚುಚ್ಚಿಟ್ಟ ಸೂಜಿ ಕಂಡರೆ ಇವತ್ತೇ ತೆಗೆಸಿ.