ಹಾರ್ಡ್ ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ: ಒಂದು ಫೈಲೂ ಕಳೆಯದಂತೆ ಸಾಗಿಸಲು ಒಂಬತ್ತು ಸೂತ್ರಗಳು

ಹಳೆಯ ಕಂಪ್ಯೂಟರ್ ನಿಧಾನವಾಯಿತೆಂದು ಹೊಸದನ್ನೇ ಕೊಳ್ಳಬೇಕಿಲ್ಲ. ಎಷ್ಟೋ ಸಲ ತಡವಾಗುವುದು ಹಾರ್ಡ್ ಡಿಸ್ಕ್‌ನಿಂದ. ಅದರೊಳಗಿನ ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ. ಪ್ರತಿ ಫೈಲಿಗೂ ಹೆಡ್ ಅತ್ತಿತ್ತ ಸರಿದಾಡಬೇಕು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಡಿಸ್ಕ್ ಬದಲಿಸುವುದು ಸುಲಭ. ಆದರೆ ಮಕ್ಕಳ ಫೋಟೊ, ಅಂಗಡಿಯ ಲೆಕ್ಕ ಎಲ್ಲ ಅದರಲ್ಲೇ ಇರುವಾಗ ಕ್ರಮ ತಪ್ಪಬಾರದು.

1. ಮೊದಲು ಬ್ಯಾಕಪ್, ಆಮೇಲೆ ಸ್ಕ್ರೂಡ್ರೈವರ್. ಮುಖ್ಯ ಫೈಲುಗಳ ಇನ್ನೊಂದು ಪ್ರತಿ ಬೇರೆ ಡ್ರೈವ್‌ನಲ್ಲಿರಲಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ಹಳೆ ಡಿಸ್ಕ್‌ನ ಆರೋಗ್ಯ ನೋಡಿ. ಹಳದಿ ಬಣ್ಣದ ಎಚ್ಚರಿಕೆ ಕಂಡರೆ ಬೇರೆಲ್ಲ ಬಿಟ್ಟು ಮೊದಲು ಫೈಲುಗಳನ್ನು ಉಳಿಸಿಕೊಳ್ಳಿ.

2. ಜಾಗ ನೋಡಿ ಕೊಳ್ಳಿ. ಹಳೆಯ ಲ್ಯಾಪ್‌ಟಾಪ್‌ಗಳಿಗೆ ಸಾಮಾನ್ಯವಾಗಿ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹೊಂದುತ್ತದೆ. ಎಂ.2 ಸ್ಲಾಟ್ ಇದ್ದರೆ ಇನ್ನಷ್ಟು ಎಚ್ಚರ ಬೇಕು: ಎಂ.2 ಪಟ್ಟಿಗಳಲ್ಲಿ ಸಾಟಾವೂ ಇದೆ, ಎನ್‌ವಿಎಂಇಯೂ ಇದೆ. ನೋಡಲು ಹೆಚ್ಚುಕಡಿಮೆ ಒಂದೇ. ನಿಮ್ಮ ಮಾಡೆಲ್‌ನ ಕೈಪಿಡಿ ನೋಡಿ. ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಎನ್‌ವಿಎಂಇ ಅದರ ಹಲವು ಪಟ್ಟು. ಹಾರ್ಡ್ ಡಿಸ್ಕ್‌ನಿಂದ ಬರುವವರಿಗೆ ಸಾಟಾದಲ್ಲೇ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

3. ತುಂಬಿರುವಷ್ಟನ್ನು ಲೆಕ್ಕ ಹಾಕಿ. 1 ಟಿಬಿ ಡಿಸ್ಕ್‌ನಲ್ಲಿ 300 ಜಿಬಿ ಮಾತ್ರ ತುಂಬಿದ್ದರೆ 500 ಜಿಬಿ ಎಸ್‌ಎಸ್‌ಡಿ ಸಾಕು. ಕಂಠಮಟ್ಟ ತುಂಬಿದ ಎಸ್‌ಎಸ್‌ಡಿ ನಿಧಾನವಾಗುತ್ತದೆ, ಒಂದಿಷ್ಟು ಖಾಲಿ ಬಿಡಿ.

4. ಕ್ಲೋನೋ, ಹೊಸ ಇನ್‌ಸ್ಟಾಲೋ ಮೊದಲೇ ತೀರ್ಮಾನಿಸಿ. ವಿಂಡೋಸ್ ಸರಿಯಾಗಿ ನಡೆಯುತ್ತಿದ್ದರೆ ಕ್ಲೋನ್, ಅಂದರೆ ಇಡೀ ಡಿಸ್ಕ್‌ನ ಯಥಾವತ್ ಪ್ರತಿ, ಮಾಡಿ. ವೈರಸ್ ಕಾಟವಿದ್ದರೆ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಲೇಸು.

5. ಹೊಸ ಇನ್‌ಸ್ಟಾಲ್ ಆದರೆ ಮರೆತುಹೋಗುವವನ್ನು ಪಟ್ಟಿ ಮಾಡಿ. ಟ್ಯಾಲಿ ಡೇಟಾ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿರುವುದಿಲ್ಲ. ಅದರ ಜಾಗವನ್ನು ಟ್ಯಾಲಿಯಲ್ಲೇ ನೋಡಿ ಬ್ಯಾಕಪ್ ತೆಗೆಯಿರಿ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಆ ಫಾಂಟ್‌ಗಳನ್ನೂ ಜೊತೆಗೆ ಒಯ್ಯಿರಿ. ಇಲ್ಲದಿದ್ದರೆ ಕಡತ ತೆರೆದಾಗ ಕನ್ನಡದ ಜಾಗದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ ಮರೆಯಬೇಡಿ.

6. ಬಿಟ್‌ಲಾಕರ್ ಕೀ ಬರೆದಿಟ್ಟುಕೊಳ್ಳಿ. ನಿಮಗೆ ಗೊತ್ತಿಲ್ಲದೆಯೇ ವಿಂಡೋಸ್‌ನ ಬಿಟ್‌ಲಾಕರ್ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿರಬಹುದು. 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಂಡು, ಬಿಟ್‌ಲಾಕರ್ ಆಫ್ ಮಾಡಿ ಕೆಲಸಕ್ಕಿಳಿಯಿರಿ.

7. ಕ್ಲೋನ್ ಮಾಡುವಾಗ ಎರಡು ಸಲ ಓದಿ, ಒಂದು ಸಲ ಒತ್ತಿ. ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಬಲ್ ಅಥವಾ ಕೇಸ್ ಮೂಲಕ ಜೋಡಿಸಿ. ಹಲವು ತಯಾರಕರು ಕ್ಲೋನ್ ತಂತ್ರಾಂಶವನ್ನು ಉಚಿತವಾಗಿ ಕೊಡುತ್ತಾರೆ. ಸೋರ್ಸ್ ಎಂದರೆ ಹಳೆಯದು, ಡೆಸ್ಟಿನೇಶನ್ ಎಂದರೆ ಹೊಸದು. ಇದು ಅದಲುಬದಲಾದರೆ ಖಾಲಿ ಡಿಸ್ಕ್ ಬಂದು ನಿಮ್ಮ ಫೈಲುಗಳ ಮೇಲೆ ಕೂರುತ್ತದೆ. ಮಾಡೆಲ್ ಹೆಸರು, ಗಾತ್ರ ಎರಡನ್ನೂ ಹೊಂದಿಸಿ ನೋಡಿ. ನಡುವೆ ಕರೆಂಟ್ ಹೋಗದಂತೆ ಲ್ಯಾಪ್‌ಟಾಪ್‌ಗೆ ಚಾರ್ಜರ್, ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರಲಿ.

8. ಮೊದಲ ಸಲ ಎಸ್‌ಎಸ್‌ಡಿ ಒಂದನ್ನೇ ಹಾಕಿ ಆನ್ ಮಾಡಿ. ಕರೆಂಟ್ ತೆಗೆದು, ಬ್ಯಾಟರಿ ಕಳಚಿ, ಕೇಸಿನ ಲೋಹದ ಭಾಗ ಮುಟ್ಟಿ ಮೈಯಲ್ಲಿನ ಸ್ಥಿರವಿದ್ಯುತ್ ಕಳೆದುಕೊಂಡು ಕೈಹಾಕಿ. ಎಂ.2 ಪಟ್ಟಿಯನ್ನು ಓರೆಯಾಗಿ ತೂರಿಸಿ, ಮೆಲ್ಲಗೆ ಕೆಳಗೊತ್ತಿ ಸ್ಕ್ರೂ ಬಿಗಿಯಿರಿ. ಹಳೆ ಡಿಸ್ಕ್ ಹೊರಗಿದ್ದಾಗಲೂ ವಿಂಡೋಸ್ ತೆರೆದುಕೊಂಡರೆ ಕ್ಲೋನ್ ಕೆಲಸ ಮಾಡುತ್ತಿದೆ ಎಂಬುದು ಖಾತ್ರಿ. ತೆರೆಯದಿದ್ದರೆ ಬಯಾಸ್‌ನಲ್ಲಿ ಬೂಟ್ ಕ್ರಮ ನೋಡಿ. ಆಮೇಲೆ ಡಿಫ್ರ್ಯಾಗ್ ತಂತ್ರಾಂಶಗಳ ಸಹವಾಸ ಬೇಡ. ಎಸ್‌ಎಸ್‌ಡಿಗೆ ಬೇಕಾದ ಟ್ರಿಮ್ (ಅಳಿಸಿದ ಫೈಲುಗಳ ಜಾಗ ತೆರವು) ಕೆಲಸವನ್ನು ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ.

9. ಹಳೆ ಡಿಸ್ಕನ್ನು ಅಳಿಸಲು ಅವಸರ ಬೇಡ. ಒಂದು ತಿಂಗಳು ಹಾಗೇ ಇಡಿ. ಬಿಟ್ಟುಹೋದ ಫೈಲು ನೆನಪಾಗುವುದು ಆಗಲೇ. ಡಿಸ್ಕ್ ಗಟ್ಟಿಯಾಗಿದ್ದರೆ ಯುಎಸ್‌ಬಿ ಕೇಸ್ ಹಾಕಿಸಿ ಬ್ಯಾಕಪ್‌ಗೆ ಬಳಸಿ. ಬೇರೆಯವರಿಗೆ ಕೊಡುವುದಾದರೆ ಪೂರ್ತಿ ಅಳಿಸಿ ಕೊಡಿ. ಇನ್ನು ಹೊಸ ಡಿಸ್ಕ್‌ನ ಮಾತು: ಟ್ರಿಮ್ ಆದ ಎಸ್‌ಎಸ್‌ಡಿಯಿಂದ ಅಳಿದ ಫೈಲನ್ನು ಮರಳಿ ಪಡೆಯುವುದು ಬಹುತೇಕ ಅಸಾಧ್ಯ. ಆದ್ದರಿಂದ ತಿಂಗಳಿಗೊಂದು ದಿನ ಗೊತ್ತುಮಾಡಿಕೊಂಡು ಬ್ಯಾಕಪ್ ತೆಗೆಯಿರಿ. ಮೊದಲನೆಯದನ್ನು ಇದೇ ವಾರ ಮುಗಿಸಿ.