ಹೊಸಬರ ಜೊತೆ ಧರ್ಮಸ್ಥಳಕ್ಕೆ ಮೂರು ದಿನದ ನಡಿಗೆ

ಶಿವರಾತ್ರಿ ಹತ್ತಿರ ಬಂತೆಂದರೆ ಚಾರ್ಮಾಡಿ ಘಾಟಿಯ ತುಂಬ ಪಾದಯಾತ್ರಿಗಳು. ಈ ಸಲ ಅಕ್ಕನನ್ನೋ ಭಾವನನ್ನೋ ಆಫೀಸಿನ ಗೆಳೆಯರನ್ನೋ ಮೊದಲ ಬಾರಿಗೆ ಕರೆದೊಯ್ಯುವ ಹೊಣೆ ನಿಮ್ಮದಾಗಿದ್ದರೆ, ಹರಕೆ ಅವರದು, ಲೆಕ್ಕಾಚಾರ ನಿಮ್ಮದು.

1. ಮೂಡಿಗೆರೆಯಿಂದ ಶುರುಮಾಡಿ. ಬೆಂಗಳೂರಿನಿಂದ ಸುಮಾರು 300 ಕಿ.ಮೀ.; ಹೊಸಬರಿಗೆ ಅದು ಬೇಡ. ಮೂಡಿಗೆರೆಯಿಂದಾದರೆ 65 ಕಿ.ಮೀ. ಆಸುಪಾಸು. ಮೊದಲ ದಿನ ಕೊಟ್ಟಿಗೆಹಾರ, ಮರುದಿನ ಘಾಟಿ ಇಳಿದು ಚಾರ್ಮಾಡಿ, ಮೂರನೆಯ ದಿನ ಉಜಿರೆ ದಾಟಿ ಧರ್ಮಸ್ಥಳ. ಕೊಟ್ಟಿಗೆಹಾರದಲ್ಲಿ ಮಲಗುವ ಜಾಗ ಮೊದಲೇ ಗೊತ್ತುಮಾಡಿಕೊಳ್ಳಿ.

2. ಎರಡು ತಿಂಗಳು ಮೊದಲೇ ನಡೆಸಿ. ಒಂದೇ ದಿನ 15 ಕಿ.ಮೀ. ನಡೆದು ಬೀಗುವವರು ಬಹಳ. ಶನಿವಾರ ನಡೆದ ಕಾಲಿನಲ್ಲೇ ಭಾನುವಾರವೂ ನಡೆಸಿ ನೋಡಿ. ಯಾತ್ರೆಯಲ್ಲಿ ಕಷ್ಟ ಕೊಡುವುದು ಎರಡನೆಯ ಬೆಳಗ್ಗೆಯೇ.

3. ಪಾದ ಕೆಟ್ಟರೆ ಎಲ್ಲ ಕೆಟ್ಟಂತೆ. ಯಾತ್ರೆಗೆಂದು ಹೊಸ ಶೂ ಕೊಳ್ಳಲು ಬಿಡಬೇಡಿ. ಎರಡು ತಿಂಗಳು ಸವೆದದ್ದೇ ಸರಿ. ಹೊರಡುವ ಎರಡು ದಿನ ಮೊದಲು ಉಗುರು ಕತ್ತರಿಸಲಿ. ಇಳಿಜಾರಿನಲ್ಲಿ ಹೆಬ್ಬೆರಳು ಶೂವಿನ ತುದಿಗೆ ಗುದ್ದಿ ಗುದ್ದಿ ಉಗುರು ಕಪ್ಪಾಗುತ್ತದೆ. ಬೆರಳ ಸಂದಿಗೆ, ತೊಡೆಯ ಸಂದಿಗೆ ಬೆಳಗ್ಗೆಯೇ ವ್ಯಾಸಲೀನ್ ಹಚ್ಚಬೇಕು. ಕಾಲ್ಚೀಲ ಒದ್ದೆಯಾದರೆ ಅಲ್ಲೇ ಬದಲಿಸಿ. ಎಲ್ಲಾದರೂ ಉರಿ ಎಂದರೆ ತಕ್ಷಣ ನಿಂತು ಟೇಪ್ ಸುತ್ತಿ. ಮುಂದಿನ ಊರಲ್ಲಿ ನೋಡೋಣ ಎಂದರೆ ಅಷ್ಟರಲ್ಲಿ ನೀರುಗುಳ್ಳೆ ಎದ್ದಿರುತ್ತದೆ.

4. ಎಲ್ಲರಿಗಿಂತ ನಿಧಾನದವರು ಮುಂದೆ, ನೀವು ಕೊನೆಗೆ. ನನ್ನ ಮೊದಲ ಗುಂಪಿನಲ್ಲಿ ನಾನೇ ಮುಂದೆ ಹೋಗಿ, ತಿರುವಿನಲ್ಲಿ ಕಾಯುತ್ತಿದ್ದೆ. ಚಿಕ್ಕಮ್ಮ ಏದುಸಿರು ಬಿಡುತ್ತ ಬಂದು ಸೇರುವಷ್ಟರಲ್ಲಿ ನಮ್ಮ ವಿಶ್ರಾಂತಿ ಮುಗಿದಿರುತ್ತಿತ್ತು, ಹೊರಟುಬಿಡುತ್ತಿದ್ದೆವು. ಹೆಚ್ಚು ದಣಿದವರಿಗೇ ಕೂರಲು ಸಿಗಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಅವರು ರಸ್ತೆ ಪಕ್ಕ ಕುಳಿತು ಅತ್ತರು. ಆ ತಪ್ಪು ನನ್ನದು, ಇವತ್ತಿಗೂ ನೋಯುತ್ತದೆ. ಗಂಟೆಗೆ ಮೂರು ಕಿ.ಮೀ. ಸಾಕು. ಗಂಟೆಗೊಮ್ಮೆ ಹತ್ತು ನಿಮಿಷ ಎಲ್ಲರೂ ಒಟ್ಟಿಗೆ ಕೂರಿ.

5. ಘಾಟಿಗೆ ಬೆಳಕು ಹರಿದ ಮೇಲೆಯೇ ಇಳಿಯಿರಿ. ಮಂಜು ಕವಿದರೆ ಲಾರಿಯವನಿಗೆ ನೀವು ಕಾಣುವುದಿಲ್ಲ, ಆನೆಗಳೂ ಓಡಾಡುವ ದಾರಿ ಅದು. ಎದುರಿನ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು. ಇಳಿಯುವುದು ಸುಲಭ ಎಂದು ಓಡಿದವರ ಮಂಡಿ ಸಂಜೆಗೆ ಹಿಡಿದುಕೊಳ್ಳುತ್ತದೆ. ಊರುಗೋಲು ಒಯ್ಯಿರಿ.

6. ಹೊಟ್ಟೆಗೆ ಮಿತ. ದಾರಿಯುದ್ದಕ್ಕೂ ಭಕ್ತರು ಪ್ರೀತಿಯಿಂದ ಮಜ್ಜಿಗೆ, ಕಲ್ಲಂಗಡಿ, ಊಟ ಕೊಡುತ್ತಾರೆ. ಸಿಕ್ಕಲ್ಲೆಲ್ಲ ತಿಂದರೆ ನಡೆಯಲಾಗದು. ಕೊಟ್ಟಿಗೆಹಾರದ ನೀರುದೋಸೆ ಮಾತ್ರ ಬಿಡಬೇಡಿ. ಘಾಟಿ ಇಳಿದ ಮೇಲೆ ಕರಾವಳಿಯ ಸೆಕೆ. ಓಆರ್‌ಎಸ್ ಪೊಟ್ಟಣ ಜೇಬಿನಲ್ಲಿರಲಿ.

7. ಹಿಂದೆ ಒಂದು ವಾಹನ ಇರಲಿ. ಅದನ್ನು ಹತ್ತಿದರೆ ಹರಕೆಗೆ ಭಂಗವಲ್ಲ ಎಂದು ಮನೆಯಲ್ಲೇ ಹಿರಿಯರಿಂದ ಹೇಳಿಸಿ. ದಾರಿಯಲ್ಲಿ ನೀವು ಹೇಳಿದರೆ ಯಾರೂ ಕೇಳುವುದಿಲ್ಲ.

8. ನೇತ್ರಾವತಿಯ ಸ್ನಾನಘಟ್ಟದಲ್ಲಿ ಕೊನೆಯವರು ಬರುವ ತನಕ ಕಾಯಿರಿ, ದೇವಸ್ಥಾನಕ್ಕೆ ಎಲ್ಲರೂ ಒಟ್ಟಿಗೆ ಹೋಗಿ. ವಾಪಸ್ ಬಸ್ಸಿನ ಸೀಟು ಅದೇ ರಾತ್ರಿಗಲ್ಲ, ಮರುದಿನಕ್ಕೆ ಕಾದಿರಿಸಿ.