ಮಂಗಳವೇಢೆಯಿಂದ ಪಂಢರಪುರಕ್ಕೆ: ಒಂದು ದಿನದ ಪಾಠ

‘ದೇಶ ಸುತ್ತು, ಕೋಶ ಓದು’ ಎಂಬುದು ಹಿರಿಯರ ಮಾತು. ಕಾಲ್ನಡಿಗೆಯಿಂದ ಸುತ್ತಿದರೆ ಎರಡೂ ಒಟ್ಟಿಗೆ ಆಗುತ್ತವೆಂಬುದು ನಮ್ಮ ಅನುಭವ. ನಮ್ಮ ಬೆಳುಂಕಿಯಂಥ ಗಡಿಯ ಊರುಗಳಲ್ಲಿ ಮನೆಮಾತು ಕನ್ನಡವಾದರೂ ಆಷಾಢ ಬಂತೆಂದರೆ ಜನರ ಮುಖ ಪಂಢರಪುರದ ಕಡೆಗೆ ತಿರುಗುತ್ತದೆ. ಊರಿನ ಮುತ್ಯಾ ಒಬ್ಬರೊಡನೆ ನಾವು ನಡೆದ ಒಂದು ದಿನದ ಪಾಠವನ್ನು ಇಲ್ಲಿ ಬರೆದಿದ್ದೇವೆ.

ನವಮಿಯ ರಾತ್ರಿ ಮಂಗಳವೇಢೆಯಲ್ಲಿ ವಸತಿ ಮಾಡಿ, ದಶಮಿಯ ನಸುಕಿನಲ್ಲಿ ಹೊರಟೆವು. ಈ ಊರು ನಮಗೆ ಪರಕೀಯವಲ್ಲ. 12ನೆಯ ಶತಮಾನದಲ್ಲಿ ಕಳಚುರಿ ಬಿಜ್ಜಳನು ಇಲ್ಲಿಂದ ಆಳುತ್ತಿದ್ದನು. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮುನ್ನ ಕರಣಿಕರಾಗಿ ದುಡಿದುದು ಇಲ್ಲಿಯೇ. ಬರಗಾಲದಲ್ಲಿ ಸರಕಾರದ ಕಣಜ ತೆರೆದು ಹಸಿದವರಿಗೆ ಕಾಳು ಹಂಚಿದನೆಂದು ಹೆಸರಾದ ಸಂತ ದಾಮಾಜಿಯ ಊರೂ ಇದೇ. ಸಂತ ಚೋಖಾಮೇಳನು 1338ರಲ್ಲಿ ಇಲ್ಲಿ ಗೋಡೆಯ ಕೆಲಸ ಮಾಡುತ್ತಿದ್ದಾಗ ಅದು ಕುಸಿದು ತೀರಿಕೊಂಡನು.

ಪಂಢರಪುರ ಇಲ್ಲಿಂದ ಸುಮಾರು 25 ಕಿಲೋಮೀಟರು. ಇಕ್ಕೆಲಗಳಲ್ಲಿ ಎರೆಭೂಮಿ. ಇದು ಹಿಂಗಾರಿ ಜೋಳಕ್ಕೆ ಹೆಸರಾದ ನೆಲ. ಆಷಾಢದಲ್ಲಿ ಹೊಲಗಳು ಬಿತ್ತನೆಗಾಗಿ ಕಾಯುತ್ತ ಬರಿದಾಗಿರುತ್ತವೆ. ಮುಂದೆ ತಾಳ, ಮೃದಂಗ, ಭಗವಾ ಪತಾಕೆ. ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ತಾಯಂದಿರು. ವಾರಕರಿಗಳು ಒಬ್ಬರನ್ನೊಬ್ಬರು ‘ಮಾವುಲಿ’, ಅಂದರೆ ತಾಯಿ, ಎಂದು ಕರೆಯುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಮುತ್ಯಾ ಕುಂಟತೊಡಗಿದರು. ಚಪ್ಪಲಿ ಬಿಚ್ಚಿಸಿ ನೋಡಿದರೆ ಹಿಮ್ಮಡಿಯಲ್ಲಿ ದೊಡ್ಡ ಬೊಬ್ಬೆ. ಹಾಯುವ ಎಸ್.ಟಿ. ಬಸ್ಸಿಗೆ ನಾವು ಕೈ ಮಾಡಹೋದೆವು. ಮುತ್ಯಾ ತಡೆದರು.

“ಬಸ್ಸು ನನ್ನ ಮುಟ್ಟಸ್ತೈತ್ರಿ ಮಾಸ್ತರ, ನನ್ನ ವಾರಿ ಮುಟ್ಟಸೂದಿಲ್ಲ.”

ಬೇವಿನ ಮರದ ಕೆಳಗೆ ಕೂತಿದ್ದ ಮರಾಠಿ ತಾಯಿಯೊಬ್ಬಳು ಕೇಳದೆಯೇ ಎದ್ದು ಬಂದಳು. ಬೊಬ್ಬೆ ಒಡೆಯದೆ, ನೀರಿನಿಂದ ತೊಳೆದು, ಶುದ್ಧ ಬಟ್ಟೆ ಕಟ್ಟಿ, ಅವರ ಪಾದ ಮುಟ್ಟಿದಳು. ಮುತ್ಯಾ ಬಾಗಿ ಆಕೆಯ ಪಾದ ಮುಟ್ಟಿದರು. ಅವರಿಗೆ ಮರಾಠಿ ಅಷ್ಟಕ್ಕಷ್ಟೇ, ಆಕೆಗೆ ಕನ್ನಡ ಬಾರದು. ರೊಟ್ಟಿ, ಶೇಂಗಾ ಹಿಂಡಿ ಹಂಚಿಕೊಂಡು ತಿಂದೆವು. ಮುಂದಿನ ದಾರಿಯಲ್ಲಿ ಮುತ್ಯಾರ ಕೈ ನಮ್ಮ ಹೆಗಲ ಮೇಲಿತ್ತು. ನಮ್ಮ ನಡಿಗೆ ಅವರ ನಡಿಗೆಯಷ್ಟೇ ಆಯಿತು.

ಈ ನಂಟು ಇಂದಿನದಲ್ಲ. ಪಂಢರಪುರದಲ್ಲಿ ಹೊಯ್ಸಳ ಸೋಮೇಶ್ವರನ ಕಾಲದ, 1237ರ ಶಾಸನವಿದೆ. ಸಂತ ಜ್ಞಾನೇಶ್ವರರು ಮರಾಠಿಯಲ್ಲಿ ಹಾಡಿದರೂ ವಿಠ್ಠಲನನ್ನು ಕನ್ನಡದವನೆಂದೇ ಕರೆದರು. ಪುರಂದರದಾಸರ ಅಂಕಿತದಲ್ಲಿರುವವನೂ ಅವನೇ.

ಸಂಜೆ ಪಂಢರಪುರ ಮುಟ್ಟಿ ಚಂದ್ರಭಾಗೆಯಲ್ಲಿ ಕಾಲು ತೊಳೆದೆವು. ಭೀಮಾ ನದಿ ಇಲ್ಲಿ ಅರ್ಧಚಂದ್ರದಂತೆ ಬಾಗುವುದರಿಂದ ಈ ಹೆಸರು. ದರ್ಶನದ ಸಾಲು ಕಣ್ಣಿಗೆ ನಿಲುಕದಷ್ಟು ಉದ್ದವಿತ್ತು. ಆ ಕಾಲಿನಲ್ಲಿ ಮುತ್ಯಾ ರಾತ್ರಿಯೆಲ್ಲ ನಿಲ್ಲುವಂತಿರಲಿಲ್ಲ. ನಮಗೆ ಕೆಡುಕೆನಿಸಿತು. ಅವರು ಮಾತ್ರ ಮಹಾದ್ವಾರದ ಎದುರಿನ ಚೋಖಾಮೇಳನ ಸಮಾಧಿಗೆ ಹಣೆ ಹಚ್ಚಿ, ನಾಮದೇವರ ಮೆಟ್ಟಿಲಿಗೆ ಕೈಮುಗಿದು, ಶಿಖರ ನೋಡಿ, “ಮುಟ್ಟೇತ್ರಿ” ಎಂದರು.

ಚೋಖಾಮೇಳನಿಗೆ ಬದುಕಿದ್ದಾಗ ಈ ಗುಡಿಯೊಳಗೆ ಪ್ರವೇಶವಿರಲಿಲ್ಲ. ಅವನ ಜನರಿಗೆ ಬಾಗಿಲು ತೆರೆಯಲೆಂದು 1947ರ ಮೇ ತಿಂಗಳಲ್ಲಿ ಸಾನೆ ಗುರೂಜಿ ಉಪವಾಸ ಮಾಡಬೇಕಾಯಿತು. ದಾರಿಯಲ್ಲಿ ಎಲ್ಲರೂ ಮಾವುಲಿ. ಬಾಗಿಲಿನಲ್ಲಿ ಆ ಮಾತು ನಿಜವಾಗಲು ಆರುನೂರು ವರ್ಷ ಹಿಡಿಯಿತು.

ವಿದ್ಯಾರ್ಥಿಗಳೇ, ಪಾಠದಲ್ಲಿ ಮಂಗಳವೇಢೆಯ ಹೆಸರು ಬಂದಾಗ ಅದು ನಮ್ಮ ಕಾಲಿಗೆ ನಿಲುಕುವ ಊರೆಂಬುದನ್ನು ನೆನೆಯಿರಿ. ಜೊತೆಗೆ ನಡೆಯುವವರು ಕುಂಟಿದರೆ ನಿಮ್ಮ ಹೆಜ್ಜೆಯನ್ನು ಸಣ್ಣದು ಮಾಡಿರಿ.